ಪ್ರಚಂಡನ ದಿಗ್ವಿಜಯ, ಅಥವಾ ಚುರಮುರಿಯೊಡನೆ ನಡೆಯದ ಯುದ್ಧ

ಓಣಿಗಳ ಒಡೆಯರಾದ ದೈವಗಳಿರಾ, ಗೇಟಿಗೆ ಗೇಟು ಎದುರಾಗಿ ನಿಂತ ಮನೆಗಳ ಕಾವಲು ಶಕ್ತಿಗಳಿರಾ, ಕ್ಷಣಕಾಲ ನನ್ನ ನಾಲಗೆಯ ತುದಿಯಲ್ಲಿ ನೆಲೆಸಿರಿ. ನೆರೆಮನೆಯ ನಾಯಿಯ ಹೆಸರು ಗೊತ್ತಿದ್ದು ನೆರೆಯವನ ಹೆಸರು ಗೊತ್ತಿಲ್ಲದ, ಬೆಳಗಿನ ವಾಯುವಿಹಾರವೇ ಯಜ್ಞವೂ ಸಕ್ಕರೆಯಿಲ್ಲದ ಚಹಾವೇ ಹವಿಸ್ಸೂ ಆಗಿಹೋಗಿದ್ದ ಆ ಘೋರಯುಗದಲ್ಲಿ, ಧಾರವಾಡ ಪಟ್ಟಣದ ಒಂದಂಚಿನಲ್ಲಿ, ನಂದಾದೀಪ ಕಾಲೊನಿಯೆಂಬ ಸಿಮೆಂಟುಮಯ ಸಾಮ್ರಾಜ್ಯದಲ್ಲಿ ಒಬ್ಬ ವೀರನಿದ್ದನು. ಅವನ ಕಥೆಯನ್ನು ಹೇಳುತ್ತೇನೆ, ಕೇಳಿರಿ.

ಸಾವಿರಾರು ಬಾಲಕರ ಬಾಗಿದ ಬೆನ್ನುಗಳನ್ನು ಏಕಗರ್ಜನೆಯಿಂದ ನೆಟ್ಟಗೆ ನಿಲ್ಲಿಸಿದವನೂ, ಸೀಟಿಯ ನಾದಮಾತ್ರದಿಂದ ಮೈದಾನವನ್ನೇ ಮೌನದಲ್ಲಿ ಮುಳುಗಿಸಿದವನೂ, ನಿವೃತ್ತಿಯ ನಂತರವೂ ಕೊರಳಿನಿಂದ ಆ ಸೀಟಿಯನ್ನು ಇಳಿಸದವನೂ ಆದ ಅವನೇ ಡ್ರಿಲ್ ಮಾಸ್ತರ ಬಸಲಿಂಗಪ್ಪ ಹಂಚಿನಾಳ. ಜೀವನದಲ್ಲಿ ಎಂದೂ ಹಿಂದಡಿಯಿಟ್ಟವನಲ್ಲವೆಂದು ಅವನೇ ಎಲ್ಲರಿಗೂ ಹೇಳಿದ್ದನು. ಅವನ ಧರ್ಮಪತ್ನಿಯಾದ ಶಿವಲೀಲೆ ಮಾತ್ರ ಅದನ್ನು ಕೇಳಿದಾಗಲೆಲ್ಲ ಸೊಪ್ಪು ಸೋಸುವುದರಲ್ಲಿ ಹೆಚ್ಚು ಮಗ್ನಳಾಗುತ್ತಿದ್ದಳು.

ಈ ವೀರನ ಮನೆಯಲ್ಲಿ ಒಂದು ಶ್ವಾನರತ್ನವಿತ್ತು. ಕೃಶೋದರ, ದೀರ್ಘನಾಸಿಕ, ಪವನಜಂಘ. ಬೇಟೆಗಾರ ಅರಸರ ಕುದುರೆಗಳ ಮುಂದೆ ಮುಂದೆ ಓಡಿದ ಮುಧೋಳ ವಂಶದ ಕುಡಿ. ಮಾಸ್ತರನು ಅದಕ್ಕೆ ‘ಪ್ರಚಂಡ’ ಎಂದು ನಾಮಕರಣ ಮಾಡಿದ್ದನು. ಶಿವಲೀಲೆ ಅದನ್ನು ‘ತಮ್ಮಾ’ ಎನ್ನುತ್ತಿದ್ದಳು. ಎರಡು ಹೆಸರುಗಳಲ್ಲಿ ಯಾವುದಕ್ಕೆ ನಾಯಿ ತಿರುಗಿ ನೋಡುತ್ತಿತ್ತೆಂಬುದನ್ನು ವೀರಗಾಥೆಯಲ್ಲಿ ಹೇಳುವುದು ಉಚಿತವಲ್ಲ.

ಈ ಪ್ರಚಂಡನು ದೂರದಲ್ಲಿ ಇನ್ನೊಂದು ನಾಯಿಯ ಬಾಲದ ತುದಿ ಕಂಡರೂ ಸಾಕು, ಹಿಂಗಾಲುಗಳ ಮೇಲೆ ಎದ್ದು, ಹಗ್ಗವನ್ನು ವೀಣೆಯ ತಂತಿಯಂತೆ ಬಿಗಿದು, ಎಂಟು ದಿಕ್ಕುಗಳೂ ಬಿರಿಯುವಂತೆ ಬೊಗಳುತ್ತಿದ್ದನು. ಕಾಲೊನಿಯ ಹೆಂಗಸರು ಸೆರಗು ಬಿಗಿದು ಸರಿಯುತ್ತಿದ್ದರು. ಗಂಡಸರು ಫೋನಿನಲ್ಲಿ ಮಾತನಾಡುವಂತೆ ನಟಿಸುತ್ತ ಓಣಿ ಬದಲಿಸುತ್ತಿದ್ದರು. ಮಾಸ್ತರನ ಎದೆ ಮಾತ್ರ ಹಿಗ್ಗುತ್ತಿತ್ತು.

“ನೋಡಿದ್ರೇನು ಗತ್ತು? ರಕ್ತದಾಗ ಬಂದೈತಿ,” ಎನ್ನುತ್ತಿದ್ದನು ಅವನು, ಯಾರೂ ಕೇಳದಿದ್ದರೂ.

ಹೀಗಿರಲು, ಒಂದು ಬೆಳಿಗ್ಗೆ ಮಾಸ್ತರನಿಗೆ ಶೀತವಾಗಿ, ಶಿವಲೀಲೆಯೇ ನಾಯಿಯನ್ನು ಹೊರಗೆ ಕರೆದೊಯ್ದಳು. ತಿರುವಿನಲ್ಲಿ ಅಕಸ್ಮಾತ್ತಾಗಿ ಮಂದಾಕಿನೀಬಾಯಿ ಕುಲಕರ್ಣಿ ತನ್ನ ಚುರಮುರಿಯೊಡನೆ ಎದುರಾದಳು. ಚುರಮುರಿಯೆಂದರೆ ತಿನಿಸಲ್ಲ, ಹಿಂಜಿದ ಹತ್ತಿಗೆ ಎರಡು ಕಪ್ಪು ಗುಂಡಿ ಹೊಲಿದಂತಿದ್ದ, ತೂಕದಲ್ಲಿ ಒಂದು ಕುಂಬಳಕಾಯಿಗೂ ಸಮನಲ್ಲದ, ಬಿಳಿಯ ಪಾಮರೇನಿಯನ್ ನಾಯಿ. ಅದನ್ನು ಕಂಡೊಡನೆ ಅರಸರ ಬೇಟೆಯ ಕುಲತಿಲಕನು ಸಿಡಿಲಿನಂತೆ ಎಗರಿದನು. ಹಗ್ಗ ಕೈಗೆ ಸುತ್ತಿತ್ತು. ಶಿವಲೀಲೆ ಗಟಾರದ ಅಂಚಿನ ಮೇಲೆ ಬಿದ್ದಳು, ಮಣಿಕಟ್ಟು ಮುರಿಯಿತು.

ಆ ಸಂಜೆಯೇ ಕಾಲೊನಿಯ ನಿವಾಸಿಗಳ ಸಂಘದ ಸಭೆ ಕೂಡಿತು. ಸಂಘದ ಕಾರ್ಯದರ್ಶಿ ವಿರೂಪಾಕ್ಷ ಗಲಗಲಿ. ಗಂಭೀರಮುಖ, ಶುಭ್ರವಸನ; ಯಾವ ಸಮಸ್ಯೆಗೂ ಬೇರೆಯವರ ಜಾಗದಲ್ಲಿ ಪರಿಹಾರ ಹುಡುಕುವುದರಲ್ಲಿ ನಿಪುಣ.

“ಮಾಸ್ತರ, ಇವತ್ತ ಅಕ್ಕಾರ ಕೈ ಮುರೀತು. ನಾಳಿ ನಮ್ಮ ಕಾಲು ಮುರದ್ರ?” ಎಂದನು ಗಲಗಲಿ. “ನಮ್ಮ ಭಾವನ ಹೊಲದಾಗ ಕಟ್ಟಿ ಬಂದ್ಬಿಡೂಣು. ಅಲ್ಲೆ ದೊಡ್ಡ ದೊಡ್ಡ ನಾಯಿ ಅದಾವು. ಅವುಗೋಳ ಜೋಡಿ ಜಗಳಾಡಿ ಜಗಳಾಡಿ ತಾನ ಸುದ್ದ ಆಗತೈತಿ.”

ಸಭೆ ತಲೆದೂಗಿತು. ಪರರ ನಾಯಿಯ ವಿಷಯದಲ್ಲಿ ಮನುಷ್ಯರು ಎಷ್ಟು ಬೇಗ ಒಮ್ಮತಕ್ಕೆ ಬರುತ್ತಾರೆಂಬುದು ವಿಸ್ಮಯಕರವಾದದ್ದು.

ಆಗ ಎದ್ದು ನಿಂತನು ಬಸಲಿಂಗಪ್ಪ. ಪ್ಲಾಸ್ಟಿಕ್ ಕುರ್ಚಿ ಅವನ ಹಿಂದೆ ಭೂಕಂಪದಿಂದೆಂಬಂತೆ ಉರುಳಿತು.

“ಕೇಳ್ರಿ, ಕಾಲೊನಿ ಮಹಾಜನರ!” ಎಂದು ಘೋಷಿಸಿದನು. “ಈ ಕೈಯಾಗ ನಾನು ಎಂಥೆಂಥಾ ಹುಡುಗರನ್ನ ತಿದ್ದೇನಿ. ಒಬ್ಬ ಇವತ್ತ ಪಿ.ಎಸ್.ಐ. ಅದಾನ, ಇನ್ನೊಬ್ಬ ಜೈಲಿನಾಗ ಅದಾನ, ಆದ್ರ ಇಬ್ಬರೂ ಸೆಟದ ನಿಂದರತಾರ! ಈ ಐತ್ವಾರ ಮುಂಜಾನೆ ಪಾರ್ಕಿನ ಗೇಟಿಗೆ ಬರ್ರಿ. ಕಾಲೊನ್ಯಾಗಿನ ನಾಯಿ ಎಲ್ಲಾ ತರ್ರಿ. ಅವುಗಳ ನಟ್ಟನಡುವ ನನ್ನ ಪ್ರಚಂಡನ್ನ ನಡಿಸಿಕೊಂಡು ಹೋಗತೇನಿ. ಒಂದ ಸಲ ‘ಭೌ’ ಅಂದ್ರ, ನಾನ ಅದನ್ನ ಹೊಲಕ್ಕ ಬಿಟ್ಟ ಬರತೇನಿ!”

ಚಪ್ಪಾಳೆ ಬಿತ್ತು. ಮೂಲೆಯಲ್ಲಿ ಕುಳಿತಿದ್ದ ಶಿವಲೀಲೆ ಪ್ಲಾಸ್ಟರಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು ಗಂಡನನ್ನೇ ನೋಡಿದಳು. ಅವಳಿಗೆ ಚಪ್ಪಾಳೆ ಕೇಳಿಸಲಿಲ್ಲ. ಹೊಲದ ಮಾತು ಕೇಳಿಸಿತ್ತು.

ಐತವಾರ ಉದಯಿಸಿತು. ನೀಲಿ ಟ್ರ್ಯಾಕ್‌ಸೂಟೆಂಬ ಕವಚವನ್ನು ತೊಟ್ಟು, ಕೊರಳಲ್ಲಿ ರಣವಾದ್ಯವಾದ ಸೀಟಿಯನ್ನು ಧರಿಸಿ, ಪ್ರಚಂಡನ ಕೊರಳಿಗೆ ಪೇಟೆಯಿಂದ ತಂದ ಉಕ್ಕಿನ ಮುಳ್ಳಿನ ಪಟ್ಟಿಯನ್ನು ಬಿಗಿದು, ಬಸಲಿಂಗಪ್ಪ ಹೊರಟನು. ಪಾರ್ಕಿನ ಗೇಟಿನ ಇಕ್ಕೆಲಗಳಲ್ಲಿ ಪ್ರಜಾಸ್ತೋಮ ನೆರೆದಿತ್ತು. ಕೆಲವರು ಚಹಾದ ಕಪ್ಪುಗಳನ್ನೂ ತಂದಿದ್ದರು. ಉಳಿದ ನಾಯಿಗಳ ಒಡೆಯರು ಬುದ್ಧಿವಂತರಾದ್ದರಿಂದ ಬಂದಿರಲಿಲ್ಲ. ಮಂದಾಕಿನೀಬಾಯಿ ಮಾತ್ರ ಚುರಮುರಿಯೊಡನೆ ಬೆಂಚಿನ ಮೇಲೆ ಕುಳಿತಿದ್ದಳು.

“ಮಾಸ್ತರ, ಇನ್ನೂ ಟೈಮ್ ಅದ. ದೂರದಿಂದನ ತಿರುಗಿ ಹೋಗ್ರಿ,” ಎಂದಳು ಅವಳು.

“ಆ ಹತ್ತಿ ಉಂಡಿನ್ನ ಗಟ್ಟಿ ಹಿಡ್ಕೋರಿ ಬಾಯಾರ, ಗಾಳಿಗೆ ಹಾರೀತು,” ಎಂದು ವೀರನು ಅಟ್ಟಹಾಸಗೈದು, ಸೀಟಿಯನ್ನು ಊದಿದನು.

ಆಮೇಲೆ ನಡೆದದ್ದನ್ನು ವರ್ಣಿಸಲು ಸಾವಿರ ನಾಲಗೆಗಳು ಬೇಕು, ನನಗಿರುವುದು ಒಂದೇ. ಸೀಟಿಯ ಕೂಗಿಗೆ ಪ್ರಚಂಡನ ಕಿವಿಗಳು ತಲೆಗೆ ಅಂಟಿದವು. ಚುರಮುರಿ ಕುತೂಹಲದಿಂದ ಕುತ್ತಿಗೆ ಓರೆ ಮಾಡಿತು. ಪ್ರಚಂಡನು ಎಗರಿದನು. ಮಾಸ್ತರನು ಜಗ್ಗಿದನು. ಮುಳ್ಳುಗಳು ಕೊರಳಿಗೆ ಚುಚ್ಚಿದವು. ನೋವು ಎಲ್ಲಿಂದ ಬಂತೆಂದು ತಿಳಿಯದ ಆ ಮೂಕಪ್ರಾಣಿ ಕಿರುಚುತ್ತ ಹಿಂದಿರುಗಿ, ಹತ್ತಿರ ಸಿಕ್ಕಿದ್ದನ್ನು ಕಚ್ಚಿತು. ಹತ್ತಿರ ಸಿಕ್ಕಿದ್ದು ಮಾಸ್ತರನ ತೊಡೆ. ಕವಚ ಹರಿಯಿತು. ನೂರು ಮೈದಾನಗಳ ಅಧಿಪತಿ ಮೆಹಂದಿಯ ಬೇಲಿಯೊಳಗೆ ಅಂಗಾತವಾಗಿ ಬಿದ್ದನು. ಪಟ್ಟಿಯ ಕೊಂಡಿ ಕಳಚಿ, ಪ್ರಚಂಡನು ಬಿಲ್ಲು ಬಿಟ್ಟ ಬಾಣದಂತೆ ಮಾಯವಾದನು. ಚುರಮುರಿ ಒಮ್ಮೆ ಆಕಳಿಸಿತು.

ಕುಂಟುತ್ತ ಹುಡುಕಿದ ಮಾಸ್ತರನಿಗೆ ಅವನು ಸಿಕ್ಕಿದ್ದು ಹಾಲಿನ ಅಂಗಡಿಯ ಸಿಮೆಂಟು ಕಟ್ಟೆಯ ಕೆಳಗೆ. ಇಕ್ಕಟ್ಟಿನ ಮೂಲೆಯಲ್ಲಿ ಉದ್ದ ಕಾಲುಗಳನ್ನೆಲ್ಲ ಮುದುರಿಕೊಂಡು, ಗೋಡೆಗೆ ಮುಖ ಮಾಡಿ, ಚರ್ಮದ ಕೆಳಗಿನ ಪಕ್ಕೆಲುಬುಗಳೆಲ್ಲ ಅದುರುತ್ತ ಕುಳಿತಿದ್ದನು. ಕೆಳಗಿನ ನೆಲ ಒದ್ದೆಯಾಗಿತ್ತು.

“ಪ್ರಚಂಡ! ಎದ್ದ ಬಾ! ಅಟೆನ್ಶನ್!”

ನಾಯಿ ಇನ್ನಷ್ಟು ಮುದುರಿತು. ಆ ಧ್ವನಿಗೆ ಯಾರಾದರೂ ಮುದುರಿದ್ದನ್ನು ಮಾಸ್ತರನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಮೈದಾನದಲ್ಲಿ ಹುಡುಗರು ದೂರ ನಿಂತಿರುತ್ತಿದ್ದರು.

ಶಿವಲೀಲೆ ಬಂದಳು. ಕಟ್ಟೆಯ ಮುಂದೆ ನೆಲದ ಮೇಲೆ ಓರೆಯಾಗಿ ಕುಳಿತು, ನಾಯಿಯ ಕಡೆ ನೋಡದೆ, ಪ್ಲಾಸ್ಟರಿನ ಕೈಯನ್ನು ಮೊಣಕಾಲ ಮೇಲೆ ಇಟ್ಟುಕೊಂಡಳು. ಜನ ಚಹಾ ಮುಗಿಸಿ ಚದುರಿದರು. ಬಹಳ ಹೊತ್ತಾದ ಮೇಲೆ ಒಂದು ನೀಳವಾದ ಮೂಗು ಬಂದು ಅವಳ ಮಡಿಲಿನಲ್ಲಿ ಕುಳಿತಿತು.

“ಹೊಲಕ್ಕ ಬಿಡೂದಾದ್ರ ನನ್ನೂ ಅಲ್ಲೇ ಬಿಟ್ಟ ಬರ್ರಿ,” ಎಂದಳು ಶಿವಲೀಲೆ. ಧ್ವನಿ ಏರಿಸಿರಲಿಲ್ಲ.

ಹರಿದ ಕವಚದಲ್ಲೇ ವೀರನು ಮಡದಿ ಮತ್ತು ಶ್ವಾನಸಮೇತ ಪಶುವೈದ್ಯೆಯ ಆಸ್ಥಾನಕ್ಕೆ ತೆರಳಿದನು. ಡಾಕ್ಟರ್ ನಸೀಮಾ ಮಕಾನದಾರ ವಯಸ್ಸಿನಲ್ಲಿ ಕಿರಿಯಳು, ಮಾತಿನಲ್ಲಿ ಮಿತವಾದವಳು. ಮೊದಲು ಮಾಸ್ತರನು ಹಿಡಿದು ತಂದಿದ್ದ ಆ ಮುಳ್ಳಿನ ಪಟ್ಟಿಯನ್ನು ಎರಡು ಬೆರಳುಗಳಿಂದ ಎತ್ತಿ ಕಸದ ಬುಟ್ಟಿಗೆ ಹಾಕಿದಳು. ನಾಯಿಯ ಕೊರಳಿನ ಗಾಯಕ್ಕೆ ಮುಲಾಮು ಹಚ್ಚಿದಳು. ಮಾಸ್ತರನ ತೊಡೆಯನ್ನು ದೂರದಿಂದಲೇ ನೋಡಿ, “ನೀವು ಮನಶ್ಯಾರ ದವಾಖಾನಿಗೆ ಹೋಗಿ ಇಂಜೆಕ್ಷನ್ ಮಾಡಿಸ್ಕೋರಿ ಸರ,” ಎಂದಳು.

“ಇಷ್ಟ ಸಿಟ್ಟು ಯಾಕಂತ ಹೇಳ್ರಿ ಡಾಕ್ಟರ,” ಎಂದನು ಮಾಸ್ತರ.

“ಸಿಟ್ಟಲ್ರಿ ಸರ. ಅಂಜಿಕಿ. ‘ನನ್ನ ಹಂತ್ಯಾಕ ಬರಬ್ಯಾಡ, ದೂರ ಹೋಗು’ ಅಂತ ಒದರತೈತಿ ಅದು.”

“ಅಂಜಿಕಿ?” ವೀರನ ಕಣ್ಣುಗಳು ಕೆಂಡವಾದವು. “ಇದು ಮುಧೋಳ ಜಾತಿ ಐತ್ರಿ!”

“ಜಾತಿ ಅದಕ್ಕ ಗೊತ್ತಿಲ್ರಿ ಸರ.”

ಹೀಗೆಂದು ವೈದ್ಯೆ ಪ್ರಚಂಡನ ಬೆನ್ನ ಮೇಲೆ ಕೈಯಾಡಿಸಿದಳು.

“ಸಣ್ಣದಿದ್ದಾಗ ಯಾವುದರೆ ನಾಯಿ ಕಡದಿತ್ತೇನ್ರಿ?” ಎಂದು ವೈದ್ಯೆ ಕೇಳಿದಳು. ಮಾಸ್ತರನು ಇಲ್ಲವೆನ್ನಲು ಬಾಯಿ ತೆರೆದನು. ಶಿವಲೀಲೆ ಮೊದಲು ಮಾತಾಡಿದಳು.

“ಕಿರಾಣಿ ಅಂಗಡಿ ಹಿಂದ ಬೀದಿ ನಾಯಿ ಮುತ್ತಿದ್ದುವ್ರಿ. ಇಷ್ಟ ಇತ್ತು ಮರಿ. ನಾ ಎತ್ಕೊಳ್ಳಾಕ ಹೋದೆ. ಇವರು, ‘ಬಿಡು, ಎತ್ಕೋಬ್ಯಾಡ, ಬಡಿದಾಡಿ ಶಾಣ್ಯಾ ಆಗಲಿ’ ಅಂದ್ರು.”

ಬಸಲಿಂಗಪ್ಪ ಗೋಡೆಯ ಮೇಲಿದ್ದ ಎಮ್ಮೆಯ ಚಿತ್ರವನ್ನು ಅತ್ಯಂತ ಶ್ರದ್ಧೆಯಿಂದ ಅವಲೋಕಿಸತೊಡಗಿದನು.

ವೈದ್ಯೆ ಆಗ ಯುದ್ಧನೀತಿಯನ್ನು ಉಪದೇಶಿಸಿದಳು. ಕೊರಳಿಗೆ ಪಟ್ಟಿ ಬೇಡ, ಎದೆಯನ್ನು ಬಳಸುವ ಬೆಲ್ಟು ಬೇಕು. ಸೀಟಿ ಬೇಡ, ಕೂಗಾಟ ಬೇಡ. “ಬ್ಯಾರೆ ನಾಯಿ ದೂರದಾಗ ಕಾಣಬೇಕು, ಆದ್ರ ಇದು ಇನ್ನೂ ಒದರಿರಬಾರದು. ಅಷ್ಟ ದೂರ ನಿಂತು, ಅದು ಆ ನಾಯಿನ್ನ ನೋಡಿದ ಕೂಡ್ಲೆ ಭಾಳ ರುಚಿ ಇರೂದೇನರೆ ತಿನಿಸ್ರಿ. ಆ ನಾಯಿ ಕಾಣದಂಗ ಆತಂದ್ರ ತಿನಿಸೂದು ಬಂದ್. ನಾಯಿ ಕಂಡ್ರ ಛಲೋದು ಬರತೈತಿ ಅಂತ ಇದಕ್ಕ ತಿಳೀಬೇಕು. ಒದರಾಕ ಹತ್ತಿತಂದ್ರ, ನೀವು ಭಾಳ ಸನೇಕ ಹೋಗೀರಂತ ಅರ್ಥ. ಬೈಬ್ಯಾಡ್ರಿ. ಸುಮ್ನ ತಿರುಗಿ ದೂರ ಹೋಗಿಬಿಡ್ರಿ.”

“ತಿರುಗಿ ಹೋಗೂದು?” ಎಂದನು ಎಂದೂ ಹಿಂದಡಿಯಿಡದ ವೀರ. “ನಾನು?”

“ಹೂಂರಿ. ನೀವ.”

ರುಚಿಕರವಾದ ಆ ಅಸ್ತ್ರ ಯಾವುದೆಂಬ ಶೋಧನೆ ಪ್ರಾರಂಭವಾಯಿತು. ಖಡಕ್ ರೊಟ್ಟಿಯನ್ನು ಮನೆಯಲ್ಲಿ ಕಡಿಯುತ್ತಿದ್ದ ಪ್ರಚಂಡನು ಬೀದಿಯಲ್ಲಿ ಅದನ್ನು ಮೂಸಲಿಲ್ಲ. ಗಜ್ಜರಿಯನ್ನು ಉಗುಳಿದನು. ಪನೀರಿಗೆ ಬಾಯಿ ತೆರೆದನು, ಆದರೆ ದೂರದಲ್ಲಿ ಒಂದು ಬಾಲ ಕಂಡೊಡನೆ ಅದೂ ನೆಲಕ್ಕೆ ಬಿತ್ತು. ಫೋನು ಮಾಡಿದಾಗ ವೈದ್ಯೆ, “ಕುದಿಸಿದ ತತ್ತಿ ಕೊಟ್ಟ ನೋಡ್ರಿ,” ಎಂದಳು.

ತತ್ತಿ! ಏಳು ತಲೆಮಾರಿನಿಂದ ಮೊಟ್ಟೆಯ ನೆರಳೂ ಬೀಳದ ಹಂಚಿನಾಳ ಮನೆತನದ ಅಡಿಗೆಮನೆ ತಳಮಳಿಸಿತು. ಮಾಸ್ತರನು ಒಂದು ಪೂರ್ತಿ ದಿನ ಧರ್ಮಸಂಕಟದಲ್ಲಿ ಬಿದ್ದು ಹೊರಳಿದನು.

“ತತ್ತಿ ತಿನ್ನೂದು ನಾಯಿ. ನೀವಲ್ಲ,” ಎಂದು ಶಿವಲೀಲೆ ಆ ಸಂಕಟವನ್ನು ಕೊನೆಗಾಣಿಸಿದಳು. ಹಿತ್ತಲಿನಲ್ಲಿ ಹಳೆಯ ಕರೆಂಟು ಒಲೆ ಸ್ಥಾಪಿತವಾಯಿತು. ನಗ್ಗಿದ ಅಲ್ಯುಮಿನಿಯಂ ಪಾತ್ರೆಯೊಂದು ಉಳಿದ ಪಾತ್ರೆಗಳಿಂದ ಬಹಿಷ್ಕೃತವಾಗಿ ಅಲ್ಲಿ ವನವಾಸ ಹೂಡಿತು. ಮಾಸ್ತರನು ಎರಡು ಓಣಿ ದಾಟಿ, ಪರಿಚಯವಿಲ್ಲದ ಅಂಗಡಿಗೆ ಹೋಗಿ, ಅಕ್ಕಪಕ್ಕದವರಿಗೆಲ್ಲ ಕೇಳಿಸುವಂತೆ, “ತತ್ತಿ ಕೊಡ್ರಿ. ನಾಯಿಗೆರಿ, ನಾಯಿಗೆ!” ಎಂದನು.

“ಎಲ್ಲಾರೂ ಹಂಗ ಹೇಳತಾರ್ರಿ ಮಾಸ್ತರ,” ಎಂದು ಅಂಗಡಿಯವನು ಕಾಗದದಲ್ಲಿ ಸುತ್ತಿಕೊಟ್ಟನು. ಪರಿಚಯವಿಲ್ಲದ ಅಂಗಡಿಯವನಿಗೂ ಮಾಸ್ತರನ ಪರಿಚಯವಿತ್ತು.

ಅಸ್ತ್ರ ಸಿಕ್ಕಿತು, ಈಗ ಶತ್ರು ಬೇಕು. ಹೇಳಿದ ಜಾಗದಲ್ಲಿ ಬಂದು, ಹೇಳಿದಷ್ಟು ದೂರದಲ್ಲಿ ಶಾಂತವಾಗಿ ನಿಲ್ಲುವ ನಾಯಿ ಇಡೀ ಕಾಲೊನಿಯಲ್ಲಿ ಒಂದೇ. ಬಸಲಿಂಗಪ್ಪ ಮಂದಾಕಿನೀಬಾಯಿಯ ಗೇಟಿನ ಮುಂದೆ ನಿಂತು, ಮೂರು ಬಾರಿ ಗಂಟಲು ಸರಿಪಡಿಸಿಕೊಂಡು, ವಿಷಯ ಅರುಹಿದನು.

“ಬರತೀವಲ್ಲ, ಅದಕ್ಕೇನದ,” ಎಂದಳು ಆಕೆ. “ಮೊದಲ ಇಕಿಗೆ ಸಾರಿ ಅನ್ರಿ. ಹತ್ತಿ ಉಂಡಿ ಅಂದಿದ್ರಿ.”

“ನಾಯಿಗೆ?”

“ನಾಯಿಗೇ. ಹೆಸರು ಹಿಡದ ಅನ್ರಿ.”

ಮಾಸ್ತರನು ಓಣಿಯ ಎರಡೂ ತುದಿಗಳನ್ನು ನೋಡಿದನು. ಯಾರೂ ಇರಲಿಲ್ಲ. “ಸಾರಿ, ಚುರಮುರಿ,” ಎಂದನು. ಚುರಮುರಿ ಆ ಕ್ಷಮಾಪಣೆಯನ್ನು ಮೂಸಿ ಸ್ವೀಕರಿಸಿತು.

ಅಂದಿನಿಂದ ಆರಂಭವಾಯಿತು ಆ ಸುದೀರ್ಘ ಸಮರ. ಕಾಲೊನಿಯ ಹಿಂದಿನ ಖಾಲಿ ಬಯಲಿನ ಆ ತುದಿಯಲ್ಲಿ ಮಂದಾಕಿನೀಬಾಯಿ, ಈ ತುದಿಯಲ್ಲಿ ವಿದ್ಯುತ್ತಿನ ಟ್ರಾನ್ಸ್‌ಫಾರ್ಮರಿನ ಮರೆಯಲ್ಲಿ ಬಸಲಿಂಗಪ್ಪ. ಬಿಳಿಯ ಚುಕ್ಕೆಯೊಂದು ದೂರದಲ್ಲಿ ಕಾಣಿಸಿಕೊಳ್ಳುವುದು. ಪ್ರಚಂಡನ ಬೆನ್ನ ಮೇಲಿನ ರೋಮಗಳು ಏಳುವವು. ಅದೇ ಕ್ಷಣದಲ್ಲಿ ಮಾಸ್ತರನ ಬೆರಳುಗಳಿಂದ ತತ್ತಿಯ ಚೂರು. ಬಿಳಿಯ ಚುಕ್ಕೆ ಗೋಡೆಯ ಹಿಂದೆ ಸರಿಯುವುದು, ತತ್ತಿ ನಿಲ್ಲುವುದು. ಮತ್ತೆ ಚುಕ್ಕೆ, ಮತ್ತೆ ತತ್ತಿ. ನೋಡುವವರಿಗೆ ಏನೂ ನಡೆಯುತ್ತಿರಲಿಲ್ಲ.

ನೋಡುವವರು ಆದರೂ ಇದ್ದರು. ವಾಯುವಿಹಾರದ ಹಿರಿಯರ ತಂಡ ದಿನವೂ ನಿಂತು ಅಮೂಲ್ಯ ಸಲಹೆಗಳನ್ನು ವರ್ಷಿಸುತ್ತಿತ್ತು. “ನಾಕ ಬಾರಿಸ್ರಿ, ಸುದ್ದ ಆಗತೈತಿ.” “ಉಪವಾಸ ಕೆಡವ್ರಿ.” “ನಿಂಬಿಹಣ್ಣು ಇಳಿಸಿ ಒಗೀರಿ.” ಗಲಗಲಿಯಂತೂ, “ಏನ್ರಿ ಮಾಸ್ತರ, ಹುಲಿ ಹಿಡಿಯವರು ಕಂಬದ ಹಿಂದ ಅಡಗೀರಲ್ಲ!” ಎಂದು ನಕ್ಕನು. ಮಾಸ್ತರನ ಕೈ ಅಭ್ಯಾಸಬಲದಿಂದ ಕೊರಳಿಗೆ ಹೋಯಿತು. ಸೀಟಿ ಅಲ್ಲಿರಲಿಲ್ಲ, ಶಿವಲೀಲೆ ಅದನ್ನು ಎಲ್ಲಿಯೋ ಎತ್ತಿಟ್ಟಿದ್ದಳು. ಅವನು ಹಲ್ಲು ಕಚ್ಚಿ, ಇನ್ನೊಂದು ಚೂರು ಸುಲಿದನು.

ಒಂದು ದಿನ ಎಲ್ಲಿಂದಲೋ ಬೀದಿ ನಾಯಿಯೊಂದು ಬಾಲವೆತ್ತಿ ನೇರ ಇವರತ್ತಲೇ ಬಂದಿತು. ಪ್ರಚಂಡನು ಹಗ್ಗದ ತುದಿಯಲ್ಲಿ ಸುಂಟರಗಾಳಿಯಾದನು. ಮಾಸ್ತರನು ಗರ್ಜಿಸಲಿಲ್ಲ. ಕೈಯಲ್ಲಿದ್ದ ತತ್ತಿಯನ್ನೆಲ್ಲ ಆ ಬೀದಿ ನಾಯಿಯ ಕಡೆಗೆ ಎಸೆದು, ತನ್ನ ನಾಯಿಯನ್ನು ತನ್ನ ಇನ್ನೊಂದು ಮಗ್ಗುಲಿಗೆ ಸರಿಸಿಕೊಂಡು, ನಡುವೆ ತಾನು ನಿಂತು, ಬೆನ್ನು ತಿರುಗಿಸಿ ನಡೆದನು. ಮನೆ ಮುಟ್ಟಿದೊಡನೆ ಗೇಟಿನ ಚಿಲಕವನ್ನು ಎರಡೆರಡು ಬಾರಿ ಜಗ್ಗಿ ನೋಡಿದನು.

“ಭಾಳ ಅಂಜಿತ್ತೇನ್ರಿ?” ಎಂದು ಶಿವಲೀಲೆ ಕೇಳಿದಳು.

“ಹೂಂ,” ಎಂದನು ಮಾಸ್ತರ. ಯಾರು ಎಂದು ಅವಳು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಹಲವು ದಿನಗಳ ದುಡಿಮೆ ಆ ಒಂದು ಬೆಳಿಗ್ಗೆ ಮಣ್ಣುಪಾಲಾಯಿತು. ಮತ್ತೆ ಟ್ರಾನ್ಸ್‌ಫಾರ್ಮರಿನಿಂದಲೇ ಆರಂಭ. ಶಿವಲೀಲೆಯ ಪ್ಲಾಸ್ಟರು ಬಿಚ್ಚಿತು. ಬಯಲಿನ ಅಂತರ ಸ್ವಲ್ಪ ಸ್ವಲ್ಪವಾಗಿ ಕುಗ್ಗಿತು. ಕಡೆಗೆ ಸಂಘದ ಮುಂದಿನ ಸಭೆಯ ದಿನ ಬಂದಿತು. ಪಾರ್ಕಿನ ಸೋಲಿನ ನಂತರ ಸಂಘವು ಅಲ್ಲಿಯವರೆಗೆ ಮುಂದೂಡಿದ್ದ ಪ್ರಚಂಡನ ಗಡೀಪಾರಿನ ನಿರ್ಣಯ ಅಂದು ಸಂಜೆ ಆಗಬೇಕಿತ್ತು. ಅಂದು ಬೆಳಿಗ್ಗೆಯೇ, ಕಾಲೊನಿಯ ಹೆದ್ದಾರಿಯ ಮೇಲೆ, ಅಂತಿಮ ಪರೀಕ್ಷೆ ಎಂದು ಮಾಸ್ತರನು ನಿಶ್ಚಯಿಸಿದನು.

ಆಹಾ, ಆ ಪ್ರಭಾತ! ಪೂರ್ವದಲ್ಲಿ ರವಿಯು ನೀರಿನ ಟಾಕಿಯ ಹಿಂದಿನಿಂದ ಇಣುಕುತ್ತಿದ್ದನು. ರಸ್ತೆಯ ಎಡಬದಿಯಲ್ಲಿ ಪ್ರಚಂಡಸಹಿತ ಬಸಲಿಂಗಪ್ಪ. ಬಲಬದಿಯಲ್ಲಿ ಚುರಮುರಿಸಹಿತ ಮಂದಾಕಿನೀಬಾಯಿ. ಎರಡೂ ಸೇನೆಗಳು ಏಕದಿಕ್ಕಿಗೆ ಮುಖ ಮಾಡಿ ಹೊರಟವು. ಪ್ರಚಂಡನು ಚುರಮುರಿಯನ್ನು ಕಂಡನು. ಅವನ ಕಿವಿಗಳು ನಿಮಿರಿದವು. ಎದೆಯ ಬೆಲ್ಟು ಬಿಗಿಯಿತು. ಮಾಸ್ತರನ ಉಸಿರು ನಿಂತಿತು, ಮಂದಾಕಿನೀಬಾಯಿಯ ಚಪ್ಪಲಿ ನಿಂತಿತು, ಇತಿಹಾಸವೇ ಒಂದು ಕಾಲೆತ್ತಿ ನಿಂತಿತು.

ಆಗ ಪ್ರಚಂಡನು ಆ ನೀಳವಾದ ಮೂಗನ್ನು ನಿಧಾನವಾಗಿ ತಿರುಗಿಸಿ ಮಾಸ್ತರನ ಮುಖವನ್ನು ನೋಡಿದನು. “ಅಗೋ, ನಾಯಿ. ಎಲ್ಲಿ ತತ್ತಿ?” ಎಂಬುದಷ್ಟೇ ಆ ನೋಟದಲ್ಲಿತ್ತು.

ಮಾಸ್ತರನು ತತ್ತಿ ಕೊಟ್ಟನು. ಪ್ರಚಂಡನು ತಿಂದನು. ಚುರಮುರಿ ಒಂದು ಗಿಡದ ಬುಡ ಮೂಸಿತು. ಇಬ್ಬರೂ ರಸ್ತೆಯ ತುದಿ ಮುಟ್ಟಿದರು.

ಅಷ್ಟೇ.

ವೀರನ ಕಣ್ಣುಗಳು ಮಂಜಾದವು. ನಡುರಸ್ತೆಯಲ್ಲಿ ನಿಂತು, ಈ ಮಹಾವಿಜಯವನ್ನು ಕಂಡವರಾರೆಂದು ಸುತ್ತ ನೋಡಿದನು. ಹಿರಿಯರ ತಂಡ ಅಂದು ಯಾರದೋ ಗೃಹಪ್ರವೇಶದ ಉಪ್ಪಿಟ್ಟಿಗೆ ಹೋಗಿತ್ತು. ಹಿಂದೆ ನಿಂತಿದ್ದವನು ಗ್ಯಾಸಿನ ಗಾಡಿಯವನೊಬ್ಬನೇ.

“ನೋಡಿದೇನೊ?” ಎಂದನು ಮಾಸ್ತರ.

“ಏನ್ರಿ?” ಎಂದನು ಅವನು. “ಸ್ವಲ್ಪ ಬಾಜೂಕ ಸರೀರಿ ಸರ, ಗಾಡಿ ಹೋಗಬೇಕು.”

ಸಂಜೆ ಸಭೆಗೆ ಬಸಲಿಂಗಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದನು. ವಿಜಯಭಾಷಣವನ್ನು ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದನು. ಆದರೆ ಅಲ್ಲಿ ಬೇರೊಂದು ಮಹಾಯುದ್ಧ ನಡೆದಿತ್ತು: ಗಲಗಲಿಯ ಕಾರು ಯಾರ ಮನೆಯ ಮುಂದೆ ನಿಲ್ಲಬೇಕು. ಇಬ್ಬರು ಪದಾಧಿಕಾರಿಗಳು ಪರಸ್ಪರರ ಕಡೆ ಬೆರಳು ಚಾಚಿ, ಮುಖ ಕೆಂಪಾಗಿಸಿ, ಹಗ್ಗವಿಲ್ಲದೆಯೇ ಬೊಗಳುತ್ತಿದ್ದರು. ಮಾಸ್ತರನು ಬಹಳ ಹೊತ್ತು ಕಾದು, ಕಡೆಗೆ ಕೈಯೆತ್ತಿದನು.

“ನಮ್ಮ ನಾಯಿ ವಿಷಯ...”

“ಯಾವ ನಾಯಿರಿ?” ಎಂದನು ಗಲಗಲಿ. “ಹಾಂ, ಅದಾ? ಅದೀಗ ಒದರೂದಿಲ್ಲಲ್ಲ. ಕೂಡ್ರಿ, ಕೂಡ್ರಿ.”

ಬಸಲಿಂಗಪ್ಪ ಕುಳಿತನು. ಆ ಇಬ್ಬರನ್ನು ಸ್ವಲ್ಪ ಹೊತ್ತು ನೋಡಿದನು. ಇಬ್ಬರೂ ಭಾಳ ಸನೇಕ ನಿಂತಿದ್ದಾರೆ ಎಂದು ಅವನಿಗೆ ಅನ್ನಿಸಿತು. ಚಹಾ ಕುಡಿದು ಎದ್ದು ಬಂದನು.

ಮರುದಿನ ಬೆಳಿಗ್ಗೆ ದಿಗ್ವಿಜಯಿ ಪ್ರಚಂಡನು, ಜಗತ್ತಿನಲ್ಲಿ ಇನ್ನು ಭಯವೆಂಬುದಿಲ್ಲವೆಂಬ ಠೀವಿಯಿಂದ ಒಡೆಯನೊಡನೆ ವಾಯುವಿಹಾರಕ್ಕೆ ಹೊರಟನು. ತಿರುವಿನ ಕಂಪೌಂಡ್ ಗೋಡೆಯ ಮೇಲೆ ಒಂದು ಆಡು ನಿಂತು, ಯಾರದೋ ದಾಸವಾಳದ ಗಿಡವನ್ನು ಮೆಲ್ಲುತ್ತಿತ್ತು. ಅದು ಕೆಳಗೆ ನೋಡಿ ಒಮ್ಮೆ ‘ಮ್ಯಾ’ ಎಂದಿತು.

ಪ್ರಚಂಡನು ಮಾಸ್ತರನ ಎರಡು ಕಾಲುಗಳ ನಡುವೆ ತಲೆ ತೂರಿಸಿ, ಅಲ್ಲಿಯೇ ನಿಂತುಬಿಟ್ಟನು.

ಬಸಲಿಂಗಪ್ಪ ಆಡನ್ನು ನೋಡಿದನು, ನಾಯಿಯನ್ನು ನೋಡಿದನು.

“ಬಾರೊ, ಹಿಂದಿನ ಓಣ್ಯಾಗ ಹಾದು ಹೋಗೂಣು,” ಎಂದನು. ಇಬ್ಬರೂ ತಿರುಗಿ ನಡೆದರು.